ಬೇರೆ ದಾರಿ ನೋಡಿದರೆ ದೇವರ ಮೇಲಿನ ನಂಬಿಕೆ ಬಿಟ್ಟ ಹಾಗಾಗುತ್ತದೆಯೇ?

ತಂಗಿ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೂರು ವರ್ಷ ಸರ್ಕಾರಿ ಕೆಲಸದ ಪರೀಕ್ಷೆಗೆ ಓದಿದಿರಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಹರಕೆ ಹೊತ್ತಿರಿ. ಈ ಸಲವೂ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಮನೆಯವರು ಬೇರೆ ಕೆಲಸ ನೋಡು ಅಂತಾರೆ. ಹಾಗೆ ನೋಡಿದರೆ ದೇವಿಯನ್ನು ನಂಬದ ಹಾಗಾಗುತ್ತದಲ್ಲ ಎನ್ನುವುದು ನಿಮ್ಮ ಸಂಕಟ, ಅಲ್ವಾ?

ಹಾಗಾಗುವುದಿಲ್ಲ. ಇದನ್ನು ನಾನು 2023ರಲ್ಲಿ ತಿಳಿದುಕೊಂಡೆ, ಅದೂ ತಡವಾಗಿ.

ನಮ್ಮದು ಪಾಂಡವಪುರ ತಾಲ್ಲೂಕು. ನಾಲೆಯ ಕೊನೆಯ ಭಾಗದಲ್ಲಿ ಒಂದೂವರೆ ಎಕರೆ ಗದ್ದೆ. ನಮ್ಮ ನಾಲೆಗೆ ನೀರು ಬರುವ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬಿತು ಅನ್ನಬೇಕಾದರೆ 124.80 ಅಡಿ ನೀರು ಬರಬೇಕು. ಆ ವರ್ಷ ಮಳೆ ಕೈಕೊಟ್ಟು ಕಟ್ಟೆ ತುಂಬಲಿಲ್ಲ. ಆಗಸ್ಟ್ ತಿಂಗಳು ಬಿಸಿಲಲ್ಲೇ ಕಳೆಯಿತು. ನಾನು ಮಾತ್ರ ಭತ್ತದ ಒಟ್ಲು ಬಿಟ್ಟಿದ್ದೆ, ಅಂದರೆ ನಾಟಿಗೆ ಬೇಕಾದ ಸಸಿ ಬೆಳೆಸಿಕೊಂಡಿದ್ದೆ. ಬೋರಿನ ನೀರು ಹಾಯಿಸಿ ಪೈರು ಉಳಿಸಿಕೊಂಡಿದ್ದೆ. ಮೇಲುಕೋಟೆಗೆ ಹೋಗಿ ಚೆಲುವನಾರಾಯಣನಿಗೆ ಹರಕೆ ಹೊತ್ತು ಬಂದಿದ್ದೆ. ನಾಲೆಗೆ ನೀರು ಬಂದೇ ಬರುತ್ತದೆ ಅಂತ ಎಲ್ಲರಿಗೂ ಹೇಳುತ್ತಿದ್ದೆ.

ಪಕ್ಕದ ಜಮೀನಿನ ಮಾವ ಬಂದು, "ಭತ್ತದ ಆಸೆ ಬಿಡವ್ವ, ರಾಗಿ ಚೆಲ್ಲು" ಅಂದರು. ನನಗೆ ಸಿಟ್ಟು ಬಂತು. ದೇವರನ್ನು ನಂಬದವರ ಮಾತು ಅಂದುಕೊಂಡೆ. ಅವರು ಒಂದು ಸೋನೆ ಬಿದ್ದದ್ದೇ ತಡ, ಭೂಮಿಗೆ ಕೈಮುಗಿದು ರಾಗಿ ಚೆಲ್ಲಿದರು. ನಾನು ಗೌರಿ ಹಬ್ಬದವರೆಗೂ ಕಾದೆ. ಪೈರು ಒಟ್ಲಿನಲ್ಲೇ ಬಲಿತುಹೋಯಿತು. ಬಲಿತ ಪೈರು ನಾಟಿ ಮಾಡಿದರೂ ಸರಿಯಾಗಿ ತೆಂಡೆ (ಬುಡದಿಂದ ಹೊಸ ಕವಲು) ಒಡೆಯುವುದಿಲ್ಲ. ಅಷ್ಟರಲ್ಲಿ ರಾಗಿ ಚೆಲ್ಲುವ ಹದವೂ ದಾಟಿತ್ತು. ಕೊನೆಗೆ ಹುರುಳಿ ಚೆಲ್ಲಿದೆವು. ಅದು ತಡವಾದರೂ, ತೇವ ಕಡಿಮೆ ಇದ್ದರೂ ಹೇಗೋ ಬರುತ್ತದೆ. ಮನೆಗೆ ಒಂದಷ್ಟು ಕಾಳು, ದನಕ್ಕೆ ಹೊಟ್ಟು. ಆ ವರ್ಷ ಕೈಗೆ ಬಂದದ್ದು ಅಷ್ಟೇ.

ಆ ನೋವಿನಲ್ಲಿ ಮತ್ತೆ ಮೇಲುಕೋಟೆಗೆ ಹೋಗಿ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತಿದ್ದೆ. ವಯಸ್ಸಾದ ಅಯ್ಯಂಗಾರರೊಬ್ಬರು "ಏನಮ್ಮಾ?" ಅಂತ ಕೇಳಿದರು. ಎಲ್ಲ ಹೇಳಿಕೊಂಡೆ. ಶರಣಾಗತಿಗೆ ಆರು ಅಂಗಗಳಿವೆ, ಅದರಲ್ಲಿ ಒಂದು 'ಅವನು ಕಾಪಾಡುತ್ತಾನೆ' ಎಂಬ ನಂಬಿಕೆ ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕಾಪಾಡುತ್ತಾನೆ ಅಂತ ಮಾತ್ರ ಇದೆಯಮ್ಮ. ಭತ್ತದಲ್ಲೇ ಕಾಪಾಡುತ್ತಾನೆ ಅಂತ ಇಲ್ಲ" ಅಂದರು. ರಾಮಾನುಜಾಚಾರ್ಯರೂ ಶ್ರೀರಂಗದಲ್ಲಿ ಇರಲಾಗದೆ ಹೊಯ್ಸಳರ ಈ ನಾಡಿಗೆ ಬಂದವರು, ಬಂದ ಕಡೆಯೇ ವರ್ಷಗಟ್ಟಲೆ ನಿಂತು ಚೆಲುವನಾರಾಯಣನ ಸೇವೆ ನಡೆಸಿದರು ಅಂತ ನೆನಪಿಸಿದರು.

ನನ್ನ ತಪ್ಪು ಆಗ ಕಂಡಿತು. ನಾನು ದೇವರನ್ನು ನಂಬಿದ್ದಕ್ಕಿಂತ ನನ್ನ ಭತ್ತವನ್ನೇ ಜಾಸ್ತಿ ನಂಬಿದ್ದೆ. ನನ್ನ ಹಟಕ್ಕೆ ಭಕ್ತಿ ಅಂತ ಹೆಸರಿಟ್ಟಿದ್ದೆ. ರಾಗಿ ಚೆಲ್ಲು ಅಂದ ಮಾವನ ಬಾಯಲ್ಲಿ ಆ ದೇವರೇ ಮಾತಾಡಿರಬಹುದು ಎಂದು ಹೊಳೆಯಲೇ ಇಲ್ಲ.

ಈಗಲೂ ಹರಕೆ ಹೊರುತ್ತೇನೆ. ಆದರೆ ಜೊತೆಗೆ ಒಂದು ದಿನ ಗೊತ್ತು ಮಾಡಿಕೊಳ್ಳುತ್ತೇನೆ. ಅಷ್ಟರೊಳಗೆ ನೀರು ಬಂದರೆ ಭತ್ತ, ಇಲ್ಲದಿದ್ದರೆ ರಾಗಿ. ರಾಗಿ ಬೀಜ ಮೊದಲೇ ತಂದಿಡುತ್ತೇನೆ. 2024ರಲ್ಲಿ ಜುಲೈನಲ್ಲೇ ಕಟ್ಟೆ ತುಂಬಿತು, ಭತ್ತವನ್ನೇ ನಾಟಿ ಮಾಡಿದೆವು. ನನ್ನ ಪ್ರಾರ್ಥನೆಯಿಂದ ತುಂಬಿತು ಅಂತ ಹೇಳಲಾರೆ. ಹಿಂದಿನ ವರ್ಷವೂ ಅಷ್ಟೇ ಭಕ್ತಿಯಿಂದ ಬೇಡಿದ್ದೆನಲ್ಲ.

ನಿಮ್ಮ ಪರೀಕ್ಷೆಗೂ ವಯಸ್ಸಿನ ಮಿತಿ ಇದೆ, ಅದೇ ನಿಮ್ಮ ಹದ. ಇನ್ನೆಷ್ಟು ಸಲ ಬರೆಯಬಹುದು ಅಂತ ಇವತ್ತೇ ಲೆಕ್ಕ ಹಾಕಿ. ಈ ನಡುವೆ ಸಿಗುವ ಕೆಲಸಕ್ಕೆ ಸೇರಿಕೊಳ್ಳಿ. ಕೆಲಸ ಮಾಡುತ್ತಲೇ ಇನ್ನೊಂದು ಸಲ ಬರೆಯಲು ಯಾರೂ ಬೇಡ ಅನ್ನುವುದಿಲ್ಲ. ಬೆಟ್ಟ ಹತ್ತುವುದನ್ನು ಮಾತ್ರ ಬಿಡಬೇಡಿ. ಈ ಸಲ ಏನೂ ಕೇಳದೆ ಸುಮ್ನೆ ಹತ್ತಿ. ದಾರಿಯಲ್ಲಿ ನಂದಿಯ ಹತ್ತಿರ ಸ್ವಲ್ಪ ಕೂತು ಸುಧಾರಿಸಿಕೊಳ್ಳಿ. ದೇವಿಯ ಮುಂದೆ ನಿಂತಾಗ ಅಳು ಬಂದರೆ ತಡೆಯಬೇಡಿ. ನಾನೂ ಅತ್ತಿದ್ದೇನೆ.