ರಿಚರ್ಡ್ ಹೆಕ್ ಅವರ ಪ್ರಭಾವ ತೋರಿಸೋಕೆ ಎಚ್-ಇಂಡೆಕ್ಸ್ ಒಂದೇ ಸಾಕಾ?

ಆರ್ಗಾನೋಮೆಟಾಲಿಕ್ (ಲೋಹ–ಇಂಗಾಲ ಬಂಧವಿರುವ ಸಂಯುಕ್ತಗಳ) ರಸಾಯನಶಾಸ್ತ್ರಜ್ಞ ರಿಚರ್ಡ್ ಹೆಕ್ ಬಗ್ಗೆ ಸೆಮಿನಾರ್ ಕೊಡಬೇಕು, ಸ್ಕೋಪಸ್ ಎಂಬ ಸಂಶೋಧನಾ ಪೇಪರುಗಳ ಡೇಟಾಬೇಸ್‌ನಲ್ಲಿ ಸಿಗೋ ಎಚ್-ಇಂಡೆಕ್ಸ್ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಹೆಕ್ ವಿಷಯದಲ್ಲಂತೂ ಆ ಸಂಖ್ಯೆ ದಾರಿ ತಪ್ಪಿಸುತ್ತದೆ.

ಎಚ್-ಇಂಡೆಕ್ಸ್ 40 ಅಂದರೆ, ತಲಾ 40 ಸಲವಾದರೂ ಸೈಟ್ ಆದ (ಬೇರೆ ಪೇಪರುಗಳು ಉಲ್ಲೇಖಿಸಿದ) 40 ಪೇಪರುಗಳಿವೆ ಎಂದಷ್ಟೇ. ಒಂದೇ ಪೇಪರಿಗೆ ಸಾವಿರಾರು ಸೈಟೇಶನ್ ಬಂದರೂ ಅದರ ಪಾಲು ಒಂದೇ. ದೊಡ್ಡ ಗುಂಪು ಕಟ್ಟಿಕೊಂಡು ವರ್ಷವಿಡೀ ಪೇಪರ್ ಹಾಕುವವರಿಗೆ ಈ ಲೆಕ್ಕ ಅನುಕೂಲ. ಹೆಕ್ ಆ ಜಾತಿಯವರಲ್ಲ. 1954ರಲ್ಲಿ ಯುಸಿಎಲ್‌ಎಯಲ್ಲಿ ಪಿಎಚ್‌ಡಿ, ಆಮೇಲೆ ಡೆಲವೇರ್‌ನ ವಿಲ್ಮಿಂಗ್ಟನ್‌ನಲ್ಲಿ ಹರ್ಕ್ಯುಲೀಸ್ ಕಂಪನಿಯಲ್ಲಿ ಕೆಲಸ, 1971ರಲ್ಲಿ ಡೆಲವೇರ್ ವಿಶ್ವವಿದ್ಯಾಲಯ, 1989ರಲ್ಲಿ ನಿವೃತ್ತಿ. ನೆಗಿಶಿ, ಸುಜುಕಿ ಜೊತೆ ನೊಬೆಲ್ ಬಂದದ್ದು 2010ರಲ್ಲಿ. ಅಷ್ಟು ಹೊತ್ತಿಗೆ ಲ್ಯಾಬ್ ಬಿಟ್ಟು ಎರಡು ದಶಕ ಆಗಿತ್ತು.

ಮೊದಲು ನೋಡಬೇಕಾದ್ದು 1968. ಜರ್ನಲ್ ಆಫ್ ದಿ ಅಮೆರಿಕನ್ ಕೆಮಿಕಲ್ ಸೊಸೈಟಿಯ 90ನೇ ಸಂಪುಟದಲ್ಲಿ, ಪುಟ 5518ರಿಂದ ಶುರುವಾಗಿ, ಸಾಲಾಗಿ ಏಳು ಪೇಪರುಗಳು. ಏಳಕ್ಕೂ ಹೆಕ್ ಒಬ್ಬರೇ ಲೇಖಕರು. ಇಲ್ಲೇ ಎಣಿಕೆ ಎಡವುವುದು. ಸೈಟ್ ಮಾಡುವವರು ಕೆಲವರು ಮೊದಲನೆಯದನ್ನಷ್ಟೇ ಬರೆಯುತ್ತಾರೆ, ಕೆಲವರು ಏಳನ್ನೂ ಒಂದೇ ರೆಫರೆನ್ಸ್ ನಂಬರಿನಡಿ ತುರುಕುತ್ತಾರೆ. ಹಳೆಯ ರಸಾಯನಶಾಸ್ತ್ರ ಪತ್ರಿಕೆಗಳ ರೆಫರೆನ್ಸ್‌ನಲ್ಲಿ ಪೇಪರಿನ ಶೀರ್ಷಿಕೆ ಇರುತ್ತಿರಲಿಲ್ಲ. ಪುಟಸಂಖ್ಯೆಯ ಒಂದು ಅಂಕಿ ತಪ್ಪಿದರೂ ಆ ಸೈಟೇಶನ್ ಯಾರ ಖಾತೆಗೂ ಜಮೆಯಾಗುವುದಿಲ್ಲ.

ಹಾಗಾಗಿ ವೆಬ್ ಆಫ್ ಸೈನ್ಸ್‌ನಲ್ಲಿ (ಸ್ಕೋಪಸ್‌ನಂಥದ್ದೇ ಇನ್ನೊಂದು ಡೇಟಾಬೇಸ್) ಲೇಖಕರ ಪ್ರೊಫೈಲ್ ತೆರೆದು ಕೂರಬೇಡಿ, ‘ಸೈಟೆಡ್ ರೆಫರೆನ್ಸ್ ಸರ್ಚ್’ಗೆ ಹೋಗಿ. ಲೇಖಕರ ಜಾಗದಲ್ಲಿ ಹೆಕ್ ಆರ್‌ಎಫ್, ಕೊನೆಗೆ ನಕ್ಷತ್ರ ಚಿಹ್ನೆ, ವರ್ಷ 1968. ಬರುವ ಪಟ್ಟಿಯಲ್ಲಿ ಸಂಪುಟ ಸರಿಯಿದ್ದು ಪುಟ ತಪ್ಪಿರುವ, ಪುಟ ಸರಿಯಿದ್ದು ವರ್ಷ ತಪ್ಪಿರುವ ಸಾಲುಗಳು ಸಿಗುತ್ತವೆ (ವರ್ಷ ತಪ್ಪಿರುವುದಕ್ಕೆ 1967, 1969 ಹಾಕಿಯೂ ಒಮ್ಮೆ ಹುಡುಕಿ). ತಾಳೆ ನೋಡಿ ಕೈಯಿಂದ ಸೇರಿಸಿಕೊಳ್ಳಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಇನ್ನು ರಾಸಾಯನಿಕ ಕ್ರಿಯೆಯ ವಿಷಯ. ಹೆಕ್ ಕ್ರಿಯೆ ಅಂದರೆ ಪಲ್ಲಾಡಿಯಂ ಲೋಹದ ಸಹಾಯದಿಂದ ಬೆಂಜೀನ್ ಉಂಗುರದಂಥ ಗುಂಪನ್ನು ಆಲ್ಕೀನ್‌ಗೆ (ಇಂಗಾಲದ ಜೋಡಿಬಂಧವಿರುವ ಅಣುವಿಗೆ) ಜೋಡಿಸುವುದು. 1968ರ ಪೇಪರುಗಳ ವಿಧಾನಕ್ಕೆ ಆರೈಲ್ (ಬೆಂಜೀನ್ ಉಂಗುರದಂಥ ಗುಂಪಿರುವ) ಪಾದರಸದ ಸಂಯುಕ್ತಗಳು ಬೇಕಿದ್ದವು. ವಿಷ, ತ್ಯಾಜ್ಯದ ತಲೆನೋವು ಬೇರೆ. ಇವತ್ತು ನಾವು ಹೆಕ್ ಕ್ರಿಯೆ ಅನ್ನುವುದು ಸಹಲೇಖಕ ನಾಲಿ ಜೊತೆ 1972ರಲ್ಲಿ ಜರ್ನಲ್ ಆಫ್ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಬಂದದ್ದು: ಅಯೊಡೊಬೆಂಜೀನ್, ಸ್ಟೈರೀನ್, ವೇಗವರ್ಧಕವಾಗಿ 1 ಮೋಲ್ ಶೇಕಡಾ ಪಲ್ಲಾಡಿಯಂ ಅಸಿಟೇಟ್, ಪ್ರತ್ಯಾಮ್ಲವಾಗಿ (ಬೇಸ್) ಟ್ರೈಬ್ಯುಟೈಲಮೀನ್, 100 ಡಿಗ್ರಿ ಸೆಲ್ಸಿಯಸ್. ಪ್ರತ್ಯಾಮ್ಲ ಯಾಕೆ ಅಂದರೆ, ಕ್ರಿಯೆಯ ಕೊನೆಗೆ ಪಲ್ಲಾಡಿಯಂಗೆ ಅಂಟಿಕೊಳ್ಳುವ ಹೈಡ್ರೋಜನ್ ಅಯೊಡೈಡನ್ನು ತೆಗೆದು ಪಲ್ಲಾಡಿಯಂ ಅನ್ನು ಮತ್ತೆ ಶೂನ್ಯ ಉತ್ಕರ್ಷಣ ಸ್ಥಿತಿಗೆ ತರಬೇಕು. ಇಲ್ಲದಿದ್ದರೆ ವೇಗವರ್ಧಕದ ಚಕ್ರ ಅಲ್ಲೇ ನಿಲ್ಲುತ್ತದೆ. ಇದಕ್ಕೆ ಒಂದು ವರ್ಷ ಮುಂಚೆ, 1971ರಲ್ಲಿ, ಜಪಾನಿನ ಮಿಝೊರೊಕಿ ಗುಂಪು ಪೊಟ್ಯಾಸಿಯಂ ಅಸಿಟೇಟ್ ಬಳಸಿ ಇಂಥದ್ದೇ ಕ್ರಿಯೆ ಪ್ರಕಟಿಸಿತ್ತು. ಸೆಮಿನಾರ್‌ನಲ್ಲಿ ಮಿಝೊರೊಕಿ ಹೆಸರು ಬಿಟ್ಟರೆ ಯಾರಾದರೂ ಕೇಳಿಯೇ ಕೇಳುತ್ತಾರೆ.

1972ರ ಪೇಪರಿನ ಸೈಟೇಶನ್ನೂ ಪೂರ್ತಿ ಕಥೆ ಹೇಳುವುದಿಲ್ಲ. ವಿಧಾನ ಪಠ್ಯಪುಸ್ತಕಕ್ಕೆ ಹೋದ ಮೇಲೆ ಜನ ‘ಹೆಕ್ ಕಪ್ಲಿಂಗ್ ಮಾಡಿದೆವು’ ಎಂದು ಬರೆದು ಮುಂದೆ ಹೋಗುತ್ತಾರೆ. ರೆಫರೆನ್ಸ್ ಕೊಟ್ಟರೂ ಯಾವುದೋ ರಿವ್ಯೂಗೆ (ಹಳೆಯ ಪೇಪರುಗಳನ್ನು ಒಟ್ಟುಗೂಡಿಸಿ ಬರೆದ ಲೇಖನಕ್ಕೆ) ಕೊಡುತ್ತಾರೆ; ಬೆಲೆಟ್ಸ್ಕಾಯಾ ಮತ್ತು ಚೆಪ್ರಕೋವ್ 2000ರಲ್ಲಿ ಕೆಮಿಕಲ್ ರಿವ್ಯೂಸ್‌ನಲ್ಲಿ ಬರೆದದ್ದು ಅಂಥದ್ದು. ಸಹಲೇಖಕ ಬ್ರೆಸ್ಲೋ ಜೊತೆ ಹೆಕ್ 1961ರಲ್ಲಿ ಕೊಟ್ಟ ಕೋಬಾಲ್ಟ್ ಹೈಡ್ರೋಫಾರ್ಮೈಲೇಶನ್ (ಆಲ್ಕೀನನ್ನು ಆಲ್ಡಿಹೈಡ್ ಮಾಡುವ ಕ್ರಿಯೆ) ಕ್ರಿಯಾವಿಧಾನದ್ದೂ ಇದೇ ಪಾಡು: ಪ್ರತಿ ಎಂಎಸ್ಸಿ ತರಗತಿಯಲ್ಲೂ ಬೋರ್ಡಿನ ಮೇಲೆ ಬರುತ್ತದೆ, ಎಣಿಕೆಗೆ ಬರುವುದಿಲ್ಲ. ಸ್ಕೋಪಸ್‌ನ ಸೈಟೇಶನ್ ಲೆಕ್ಕ ಶುರುವಾಗುವುದೇ 1970ರಿಂದ; ಅಲ್ಲಿಗೆ ಆ ಪೇಪರಿನ ಮೊದಲ ಒಂಬತ್ತು ವರ್ಷ ಹೋಯಿತು. ನಾಪ್ರೊಕ್ಸೆನ್ ನೋವುಮಾತ್ರೆ ತಯಾರಿಕೆಯ ಒಂದು ಕೈಗಾರಿಕಾ ಮಾರ್ಗದಲ್ಲಿ ಹೆಕ್ ಕ್ರಿಯೆ ಒಂದು ಹಂತ, ಆದರೆ ಕಾರ್ಖಾನೆಯಲ್ಲಿ ಟನ್‌ಗಟ್ಟಲೆ ಬಳಸಿದರೆ ಸೈಟೇಶನ್ ಹುಟ್ಟುವುದಿಲ್ಲ.

ಹೀಗೆ ಮೂಲ ಪೇಪರನ್ನು ಸೈಟ್ ಮಾಡದ ಬಳಕೆಯನ್ನು ಹಿಡಿಯಲು ಶೀರ್ಷಿಕೆ ಮತ್ತು ಸಾರಾಂಶದಲ್ಲಿ ‘ಹೆಕ್ ರಿಯಾಕ್ಷನ್’, ‘ಹೆಕ್ ಕಪ್ಲಿಂಗ್’, ‘ಮಿಝೊರೊಕಿ–ಹೆಕ್’ ಎಂದು ಉದ್ಧರಣ ಚಿಹ್ನೆಯೊಳಗೆ ಹುಡುಕಿ. ಬರೀ ‘ಹೆಕ್’ ಅಂತ ಹಾಕಿದರೆ ಅದೇ ಅಡ್ಡಹೆಸರಿನ ವೈದ್ಯರ ಪೇಪರುಗಳೂ ಬಂದು ರಾಶಿ ಬೀಳುತ್ತವೆ. ಫಲಿತಾಂಶವನ್ನು ವರ್ಷವಾರು ಗ್ರಾಫ್ ಮಾಡಿ, ಅದರ ಮೇಲೆ 1972ರ ಪೇಪರಿನ ವರ್ಷವಾರು ಸೈಟೇಶನ್ ಎಳೆಯಿರಿ. ಎರಡು ಗೆರೆಗಳ ನಡುವಿನ ಅಂತರವೇ ನಿಮ್ಮ ಮುಖ್ಯ ಸ್ಲೈಡ್. 1989ರ ಹತ್ತಿರ ಒಂದು ಗುರುತು ಹಾಕಿ: ಶಿಬಾಸಾಕಿ ಮತ್ತು ಓವರ್‌ಮನ್ ಬೇರೆಬೇರೆಯಾಗಿ ಅಸಿಮೆಟ್ರಿಕ್ (ಕನ್ನಡಿ ಬಿಂಬದಂತಿರುವ ಎರಡು ರೂಪಗಳಲ್ಲಿ ಒಂದನ್ನೇ ಹೆಚ್ಚು ಕೊಡುವ) ಹೆಕ್ ಕ್ರಿಯೆ ಪ್ರಕಟಿಸಿದ ವರ್ಷ ಅದು, ಹೆಕ್ ನಿವೃತ್ತರಾದದ್ದೂ ಅದೇ ವರ್ಷ.

ಗೂಗಲ್ ಸ್ಕಾಲರ್ ಥೀಸಿಸ್, ಪೇಟೆಂಟ್ ಎಲ್ಲ ಎಣಿಸುವುದರಿಂದ ಅಲ್ಲಿನ ಸಂಖ್ಯೆ ಸಾಮಾನ್ಯವಾಗಿ ದೊಡ್ಡದಿರುತ್ತದೆ. ಒಂದೇ ಗ್ರಾಫಿನಲ್ಲಿ ಎರಡು ಡೇಟಾಬೇಸ್ ಬೆರೆಸಬೇಡಿ. ಯಾವುದು, ಯಾವ ದಿನ ನೋಡಿದ್ದು ಎನ್ನುವುದನ್ನು ಗ್ರಾಫಿನ ಕೆಳಗೇ ಬರೆಯಿರಿ.