ಸಂಪಾದಕರ ಉತ್ತರ: ಬಸ್ಸು ಹತ್ತಿ ಇನ್ನೊಬ್ಬರ ಹುಲ್ಲು ನೋಡುವುದೇಕೆ?

ಹಿರಿಯೂರು ತಾಲ್ಲೂಕಿನ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಮಾಂಸಕ್ಕಾಗಿ ದನ ಸಾಕುವ ರೈತರು ಬೇಸಿಗೆಯಲ್ಲಿ ಬಸ್ಸು ಮಾಡಿಕೊಂಡು ಒಬ್ಬರ ಫಾರಂ ಇನ್ನೊಬ್ಬರು ನೋಡಿಬರುವ ವರದಿ ಹಾಕಿದ್ದೀರಿ. ಒಂದೇ ಧಂದೆಯವರು ತಮ್ಮ ಗುಟ್ಟನ್ನು ಎದುರಾಳಿಗೆ ಯಾಕೆ ತೋರಿಸುತ್ತಾರೆ? ನಮ್ಮನ್ನೂ ಒಮ್ಮೆ ಅಧ್ಯಯನ ಪ್ರವಾಸ ಅಂತ ಕರೆದುಕೊಂಡು ಹೋಗಿದ್ದರು. ಎರಡು ದೇವಸ್ಥಾನ, ಒಂದು ಅಣೆಕಟ್ಟು ನೋಡಿ, ಫಾರಂನಲ್ಲಿ ಅರ್ಧ ಗಂಟೆ ನಿಂತು ಬಂದೆವು. ಅಲ್ಲಿಯದು ಬೇರೆ ಏನು? ಅದೂ ಅಲ್ಲದೆ, ಹಾಲಿಗೆ, ಉಳುಮೆಗೆ ದನ ಸಾಕುವ ನಮಗೆ ಈ ಸುದ್ದಿ ಯಾಕೆ ಬೇಕಿತ್ತು?"

ಮಾನ್ಯರೇ,

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಯಾಕೆಂದರೆ ಅದರಲ್ಲಿ ನೋವಿದೆ. ಹಬ್ಬದ ದಿನ ರಾಸುಗಳ ಮೈತೊಳೆದು ಹಣೆಗೆ ಕುಂಕುಮ ಇಡುವ ಮನೆಗಳಿಗೆ ಈ ಪತ್ರಿಕೆ ಹೋಗುತ್ತದೆ. ಶ್ರದ್ಧೆಯ ಮಾತು ಹಾಗಿರಲಿ, ನಮ್ಮ ರಾಜ್ಯದಲ್ಲಿ ಗೋಹತ್ಯೆ ತಡೆಯುವ 2020ರ ಕಾಯ್ದೆಯೂ ಇದೆ. ನೆಬ್ರಾಸ್ಕದ ಕಸುಬನ್ನು ಇಲ್ಲಿಗೆ ತನ್ನಿ ಎಂದು ಹೇಳುವುದಕ್ಕೆ ನಾವು ಆ ವರದಿ ಹಾಕಲಿಲ್ಲ. ಆದರೆ ಮಳೆ ಕೈಕೊಟ್ಟ ವರ್ಷ ಮೇವಿಗೆ ಏನು ಮಾಡಲಿ ಎಂಬ ಸಂಕಟ ಅಲ್ಲಿಯವರಿಗೂ ಇದೆ. 2020ರಿಂದೀಚೆಗೆ ಅಮೆರಿಕದ ದನದ ಸೀಮೆಗೆ ಸಾಲಾಗಿ ಬರ ಬಿದ್ದು, ಮೇಯಿಸಲಾಗದೆ ರೈತರು ತಾಯಿ ಹಸುಗಳನ್ನೇ ಮಾರಿದರು. 2024ರ ಜನವರಿಯ ಎಣಿಕೆಯಲ್ಲಿ ಆ ದೇಶದ ದನಗಳು 8.72 ಕೋಟಿಗೆ ಇಳಿದಿದ್ದವು. 1951ರಿಂದ ಅಲ್ಲಿಯವರೆಗೆ ಅಷ್ಟು ಕಡಿಮೆ ಆಗಿದ್ದೇ ಇರಲಿಲ್ಲ. ತಲೆಮಾರುಗಳಿಂದ ಕಟ್ಟಿಕೊಂಡು ಬಂದ ಹಿಂಡನ್ನು ಲಾರಿಗೆ ಹತ್ತಿಸಿದವರು, ಉಳಿದ ಹುಲ್ಲನ್ನು ಹೇಗೆ ಕಾಪಾಡಿಕೊಂಡರು ಎನ್ನುವುದು ನಿಮಗೂ ನನಗೂ ಬೇಕಾದ ಸುದ್ದಿ ಎಂದೇ ನಾನು ತಿಳಿದಿದ್ದೇನೆ.

ಇನ್ನು ಎದುರಾಳಿಗಳ ಮಾತು. ಅವರು ನಿಜಕ್ಕೂ ಎದುರಾಳಿಗಳಲ್ಲ. ಆ ದೇಶದಲ್ಲಿ ಕೊಬ್ಬಿಸಿದ ದನಗಳಲ್ಲಿ ನೂರಕ್ಕೆ ಸುಮಾರು 85ನ್ನು ಕೊಳ್ಳುವುದು ನಾಲ್ಕೇ ಕಂಪನಿಗಳು: ಟೈಸನ್, ಜೆಬಿಎಸ್, ಕಾರ್ಗಿಲ್, ನ್ಯಾಷನಲ್ ಬೀಫ್. ಪಕ್ಕದವನ ಕರು ಇಪ್ಪತ್ತು ಕಿಲೋ ಹೆಚ್ಚು ತೂಗಿದರೆ ನನ್ನ ಕರುವಿನ ಬೆಲೆ ಇಳಿಯುವುದಿಲ್ಲ. ಬೆಲೆ ಕಟ್ಟುವವರು ಬೇರೆ ಕಡೆ ಕೂತಿದ್ದಾರೆ. ರೈತನ ಕೈಯಲ್ಲಿ ಉಳಿದಿರುವುದು ಖರ್ಚು ಇಳಿಸುವುದು ಮಾತ್ರ, ಅದನ್ನು ಕಲಿಯಲು ಪಕ್ಕದ ರೈತನಿಗಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಇದಕ್ಕೆ ಬೆನ್ನೆಲುಬಾಗಿ 1914ರ ಕಾಯ್ದೆಯಿಂದ ಶುರುವಾದ ವಿಸ್ತರಣಾ ಸೇವೆ ಇದೆ. ವಿಶ್ವವಿದ್ಯಾಲಯದ ತಜ್ಞರು ಜಿಲ್ಲೆ ಜಿಲ್ಲೆಯಲ್ಲಿದ್ದು, ದನದ ರೈತರ ಸಂಘಗಳ ಜೊತೆ ಸೇರಿ ಇಂಥ ಪ್ರವಾಸಗಳನ್ನು ಏರ್ಪಡಿಸುತ್ತಾರೆ.

ಬೇಸಿಗೆಯೇ ಯಾಕೆ ಎಂದರೆ, ಆಗ ಅವರ ಹುಲ್ಲು ಎದ್ದು ನಿಂತಿರುತ್ತದೆ, ತಾಯಿ ಕರು ಎರಡೂ ಬಯಲಲ್ಲಿರುತ್ತವೆ. ಹಸುಗಳು ಈದು ಮುಗಿದಿರುತ್ತವೆ, ಹಾಲು ಬಿಡಿಸಿ ಕರು ಮಾರುವ ಕಾಲ ಇನ್ನೂ ಬಂದಿರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ, ಒಣಹುಲ್ಲು ಕೊಯ್ದು ಒಟ್ಟುವ ಕೆಲಸದ ನಡುವೆ, ಒಂದೆರಡು ದಿನ ಬಿಡುವು ಮಾಡಿಕೊಳ್ಳುತ್ತಾರೆ.

ನೆಬ್ರಾಸ್ಕದ ಸ್ಯಾಂಡ್‌ಹಿಲ್ಸ್ ಬಗ್ಗೆ ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸುಮಾರು 50 ಸಾವಿರ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಕಾಲು ಭಾಗದಷ್ಟು ಜಾಗ, ಪೂರ್ತಿ ಮರಳು ದಿಬ್ಬ. ದಿಬ್ಬಗಳನ್ನು ಹಿಡಿದು ನಿಲ್ಲಿಸಿರುವುದು ಹುಲ್ಲಿನ ಬೇರು. 1904ರಲ್ಲಿ ಸರ್ಕಾರ ಒಂದೊಂದು ಕುಟುಂಬಕ್ಕೆ 640 ಎಕರೆ ಕೊಟ್ಟು ಬೇಸಾಯಕ್ಕೆ ಕೂರಿಸಿತು. ನೇಗಿಲು ಬಿದ್ದ ಕಡೆ ಗಾಳಿ ಮರಳನ್ನು ಎಬ್ಬಿಸಿತು. ಬಹಳ ಮಂದಿ ಜಮೀನು ಬಿಟ್ಟು ಹೋದರು, ನೆಲ ಮತ್ತೆ ಹುಲ್ಲಿಗೇ ಮರಳಿತು. ಈಗಲೂ ದನ ಹೆಚ್ಚು ಮೇಯ್ದ ಜಾಗದಲ್ಲಿ ಗಾಳಿ ಗುಂಡಿ ತೋಡುತ್ತದೆ, ವರ್ಷ ವರ್ಷ ಅದು ಅಗಲವಾಗುತ್ತದೆ. ತಪ್ಪು ಮಾಡಿದರೆ ಮುಚ್ಚಿಡಲು ಆಗದ ನೆಲ ಅದು. ದಾರಿಹೋಕನಿಗೂ ಕಾಣುತ್ತದೆ.

ಅಂಥ ಒಂದು ಪ್ರವಾಸದಲ್ಲಿ ನಾನೂ ಇದ್ದೆ. ಬಯಲಿನ ನಡುವೆ ತಂತಿಬಲೆಯ ಒಂದು ಪಂಜರವನ್ನು ಗೂಟ ಹೊಡೆದು ಕೂರಿಸಿದ್ದರು. ವಸಂತದಲ್ಲಿ ಇಟ್ಟದ್ದು, ದನದ ಬಾಯಿಗೆ ಸಿಗದ ಹುಲ್ಲು ಅದರೊಳಗೆ ಮೊಣಕಾಲುದ್ದ ಬೆಳೆದಿತ್ತು. ಮನೆಯೊಡೆಯ ಪಂಜರ ಎತ್ತಿ ಪಕ್ಕಕ್ಕಿಟ್ಟು, ಕಬ್ಬಿಣದ ಬಳೆಯೊಂದನ್ನು ಆ ಹುಲ್ಲಿನ ಮೇಲೆ ಹಾಕಿ, ಬಳೆಯೊಳಗಿನದನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ ಕಾಗದದ ಚೀಲಕ್ಕೆ ತುಂಬಿದ. ಅದೇ ಬಳೆಯನ್ನು ಹೊರಗೆ ಹಾಕಿ, ಮೇಯ್ದು ಉಳಿದದ್ದನ್ನು ಇನ್ನೊಂದು ಚೀಲಕ್ಕೆ ತುಂಬಿದ. ಎರಡನ್ನೂ ಒಣಗಿಸಿ ತೂಗಿದರೆ ದನ ಎಷ್ಟು ತಿಂದಿದೆ, ಎಷ್ಟು ಬಿಟ್ಟಿದೆ ಎನ್ನುವುದು ಸಿಗುತ್ತದೆ. ಅರ್ಧ ಮೇಯಿಸು, ಅರ್ಧ ಬಿಡು ಎನ್ನುವುದು ಅವರ ಹಳೆಯ ನೇಮ. ಇದು ಬರೀ ಗಾದೆಯಲ್ಲ. 1955ರಲ್ಲಿ ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿದ ಪ್ರಯೋಗದಲ್ಲಿ, ಎಲೆಯಲ್ಲಿ ಅರ್ಧದಷ್ಟು ಕತ್ತರಿಸಿದಾಗ ಬೇರಿನ ಬೆಳವಣಿಗೆಗೆ ಹೆಚ್ಚೇನೂ ಪೆಟ್ಟು ಬಿದ್ದಿರಲಿಲ್ಲ. ನೂರಕ್ಕೆ 80ರಷ್ಟು ಕತ್ತರಿಸಿದಾಗ ಬೇರು ಬೆಳೆಯುವುದೇ ನಿಂತುಹೋಗಿತ್ತು. ಬೇರು ಕುಳ್ಳಾದ ಹುಲ್ಲು ಮುಂದಿನ ಬರಕ್ಕೆ ತಡೆಯುವುದಿಲ್ಲ. ಆ ಬಯಲಿನ ಒಂದು ಮೂಲೆಯಲ್ಲಿ ನೀರಿನ ತೊಟ್ಟಿಯ ಸುತ್ತ ನೆಲ ಬೋಳಾಗಿತ್ತು. ಆತ ಅತ್ತ ನಮ್ಮನ್ನು ತಾನೇ ಕರೆದುಕೊಂಡು ಹೋಗಿ, ಹಿಂಡನ್ನು ಇಲ್ಲಿಂದ ಒಂದು ವಾರ ತಡವಾಗಿ ಎಬ್ಬಿಸಿದೆ, ಅದಕ್ಕೇ ಹೀಗಾಯಿತು ಎಂದು ನೆರೆದವರೆಲ್ಲರ ಮುಂದೆ ಹೇಳಿದ. ನೆರೆಯ ಜಿಲ್ಲೆಯ ಹಿರಿಯರೊಬ್ಬರು ತೊಟ್ಟಿಯನ್ನು ಎಲ್ಲಿಗೆ ಸರಿಸಬೇಕೆಂದು ಕೈ ತೋರಿಸಿ ಹೇಳಿದರು. ಚರ್ಚೆ ಊಟದ ಹೊತ್ತು ಮೀರಿ ನಡೆಯಿತು.

ಇನ್ನೊಂದು ದೊಡ್ಡ ವಿಷಯ ಈಯುವ ಕಾಲ. ವಿಟ್ಮನ್ ಊರಿನ ಹತ್ತಿರ ನೆಬ್ರಾಸ್ಕ ವಿಶ್ವವಿದ್ಯಾಲಯದ ಗುಡ್ಮಂಡ್ಸನ್ ಪ್ರಯೋಗಾಲಯವಿದೆ. 1978ರಲ್ಲಿ ರೈತ ದಂಪತಿ ದಾನ ಕೊಟ್ಟ 12,800 ಎಕರೆ ಹುಲ್ಲುಗಾವಲು ಅದು. ಬೇಸಿಗೆಯಲ್ಲಿ ರೈತರಿಗೆ ಬಾಗಿಲು ತೆರೆಯುತ್ತದೆ. ಮಾರ್ಚ್‌ನಲ್ಲಿ ಈಯುವ ಹಿಂಡು, ಮೇ ತಿಂಗಳಲ್ಲಿ ಈಯುವ ಹಿಂಡು, ಎರಡನ್ನೂ ಅಲ್ಲಿ ಇಟ್ಟು ಹೋಲಿಸಿ ನೋಡಿದ್ದಾರೆ. ಮಾರ್ಚ್‌ನಲ್ಲಿ ಈದ ಹಸುವಿಗೆ ಹಾಲು ಏರುವ ಹೊತ್ತಿಗೆ ಹೊರಗೆ ಹಸಿರಿಲ್ಲ. ಕೂಡಿಟ್ಟ ಒಣಹುಲ್ಲು, ಕೊಂಡ ಹಿಂಡಿ ಹಾಕಬೇಕು. ಮೇನಲ್ಲಿ ಈದರೆ ಬಯಲೇ ಅದನ್ನು ಸಾಕುತ್ತದೆ. ಹಾಗೆಂದು ಎಲ್ಲವೂ ಲಾಭವಲ್ಲ. ಮೇನಲ್ಲಿ ಈದ ಹಸು ಮತ್ತೆ ಬೆದೆಗೆ ಬರುವ ಹೊತ್ತಿಗೆ ಹುಲ್ಲು ಬಲಿತು ಸತ್ವ ಇಳಿದಿರುತ್ತದೆ, ಎಳೆಯ ಪಡ್ಡೆಗಳು ಗಬ್ಬ ನಿಲ್ಲುವುದು ಕಷ್ಟ. ಮಾರುವ ಕಾಲಕ್ಕೆ ಕರುವೂ ಸಣ್ಣದು. ಯಾವುದು ತನ್ನ ಮನೆಗೆ ಹೊಂದುತ್ತದೆ ಎಂಬುದನ್ನು ರೈತ ತನ್ನ ಲೆಕ್ಕ ಮುಂದಿಟ್ಟುಕೊಂಡೇ ತೀರ್ಮಾನಿಸುತ್ತಾನೆ.

ದನ ಕೊಬ್ಬಿಸುವ ಫೀಡ್‌ಲಾಟ್‌ಗಳನ್ನೂ ನೋಡುತ್ತಾರೆ. ಮೆಕ್ಕೆಜೋಳ, ಎಥೆನಾಲ್ ತೆಗೆದು ಉಳಿದ ಹಸಿ ಹಿಂಡಿ ತಿನ್ನಿಸಿ ಐದಾರು ತಿಂಗಳಲ್ಲಿ ತೂಕ ಹೆಚ್ಚಿಸುವ ಜಾಗ ಅದು. ಅಲ್ಲಿ ನನಗೆ ಹಿಡಿಸಿದ್ದು ಒಂದೇ. ಬೆಳಕು ಹರಿಯುವ ಮುಂಚೆ ಒಬ್ಬಾತ ಗೋದಲಿಯ ಉದ್ದಕ್ಕೂ ಹೋಗಿ, ರಾತ್ರಿ ಉಳಿದ ಮೇವು ನೋಡಿ ಆ ದಿನದ ಮೇವನ್ನು ನಿಶ್ಚಯಿಸುತ್ತಾನೆ. ನಮ್ಮ ಹಾಲಿನ ಹಸುವಿಗೂ ಅದು ಸಲ್ಲುತ್ತದೆ. ಮಿಕ್ಕಂತೆ ಸಾವಿರಾರು ದನ ದೂಳಿನಲ್ಲಿ ನಿಂತ ಆ ನೋಟ ನನಗೆ ಹಿತವಾಗಲಿಲ್ಲ.

ಆ ಪ್ರವಾಸಗಳಲ್ಲಿ ಕೊರತೆಯೂ ಇದೆ. ಮಧ್ಯಾಹ್ನದ ಊಟ ಹಲವು ಸಲ ಮೇವಿನ ಇಲ್ಲವೇ ಔಷಧಿಯ ಕಂಪನಿಯದು, ಊಟದ ಜೊತೆ ಅವರ ಭಾಷಣವನ್ನೂ ಕೇಳಬೇಕು. ಇಲ್ಲಿ ಅದೊಂದನ್ನು ಮಾತ್ರ ಕಲಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ನೀವು ಹೋಗಿಬಂದ ಪ್ರವಾಸಕ್ಕೂ ಇದಕ್ಕೂ ಇರುವ ವ್ಯತ್ಯಾಸ ಹಣದ್ದಲ್ಲ, ದೂರದ್ದೂ ಅಲ್ಲ. ನಿಮಗೆ ತೋರಿಸಿದ್ದು ಸಿಂಗರಿಸಿಟ್ಟ ಫಾರಂ. ವಿವರಿಸಿದವರು ಸಂಬಳದವರು, ನಷ್ಟವಾದರೆ ಅವರ ಜೇಬಿಗೆ ತಟ್ಟುವುದಿಲ್ಲ. ಅಲ್ಲಿ ವಿವರಿಸುವವನು ಸ್ವಂತ ಸಾಲ ಹೊತ್ತವನು, ಕೇಳುವವರೂ ಅಂಥವರೇ.

ನಿಮ್ಮ ಸೀಮೆಯಲ್ಲಿ ಇದು ಆಗದ ಕೆಲಸವಲ್ಲ. ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳ, ಅಂದರೆ ಕಾವಲುಗಳ, ನೆರಳಲ್ಲಿ ಬೆಳೆದವರು ನೀವು. ಚಳ್ಳಕೆರೆ ಕಡೆಯ ಕಾವಲಿನ ಬಹುಭಾಗ ಸಂಶೋಧನಾ ಸಂಸ್ಥೆಗಳ ಬೇಲಿಯೊಳಗೆ ಹೋದ ಮೇಲೆ, ಉಳಿದ ಹುಲ್ಲಿನ ಬೆಲೆ ನಿಮಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಹತ್ತು ಹದಿನೈದು ಜನ ಸೇರಿ, ಒಂದು ದಿನ, ಮೂರು ಕೊಟ್ಟಿಗೆ ನೋಡಿ. ಹೋಗುವುದಾದರೆ ಏಪ್ರಿಲ್‌ನಲ್ಲಿ ಹೋಗಿ. ಶ್ರಾವಣದ ಹಸಿರಲ್ಲಿ ಎಲ್ಲರ ದನವೂ ಚೆನ್ನಾಗಿಯೇ ಕಾಣುತ್ತದೆ. ಬಣವೆ ಕರಗಿದ ಏಪ್ರಿಲ್‌ನಲ್ಲಿ ಯಾರ ಹಸುವಿನ ಪಕ್ಕೆಲುಬು ಎಣಿಸುವಂತಿಲ್ಲವೋ ಅವರ ಮನೆಯಲ್ಲಿ ಕಲಿಯುವುದಿದೆ. ಎಷ್ಟು ರಾಗಿಹುಲ್ಲು ಕೊಂಡಿರಿ, ಎಷ್ಟಕ್ಕೆ, ಹಸಿ ಮೇವು ಹುದುಗಿಸಿ ರಸಮೇವು ಮಾಡಿದ್ದು ಕೆಟ್ಟಿತೇ, ಕರು ಎಷ್ಟು ತಿಂಗಳಿಗೊಮ್ಮೆ, ಎಲ್ಲವನ್ನೂ ಕೇಳಿ. ಮನೆಯವರಲ್ಲಿ ಹಾಲು ಕರೆಯುವ ಹೆಂಗಸರನ್ನೂ ಮಾತಿಗೆ ಕೂರಿಸಿ, ರಾಸಿನ ಮೈ ಬಲ್ಲವರು ಅವರೇ.

ಒಂದು ಎಚ್ಚರಿಕೆ. ಅಮೆರಿಕದಲ್ಲಿ 1929ರ ನಂತರ ಕಾಲುಬಾಯಿ ಜ್ವರವಿಲ್ಲ. ಅದಕ್ಕೇ ಅಲ್ಲಿ ಹಲವು ಕಡೆ ಬೂಟು ತೊಳೆಯದೆ ಒಳಗೆ ಬಿಡುವುದಿಲ್ಲ, ಹೊರದೇಶದಿಂದ ಬಂದವರು ಕೆಲ ದಿನ ಕಳೆಯದೆ ದನದ ಹತ್ತಿರ ಹೋಗಬಾರದು ಎನ್ನುತ್ತಾರೆ. 2022ರಲ್ಲಿ ಚರ್ಮಗಂಟು ರೋಗ ನಮ್ಮ ಹಟ್ಟಿಗಳಲ್ಲಿ ಏನು ಮಾಡಿತೆಂದು ನೀವೇ ಕಂಡಿದ್ದೀರಿ. ರೋಗವಿರುವ ಮನೆಗೆ ಹೋಗಬೇಡಿ, ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಕಾಲು, ಚಪ್ಪಲಿ ತೊಳೆಯಿರಿ, ಕಂಡವರ ಕರುವಿನ ಬಾಯಿ ಮುಟ್ಟಬೇಡಿ.

ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿದರೆ ಜೊತೆಗೆ ಒಬ್ಬ ತಜ್ಞರನ್ನು ಕಳಿಸಬಹುದು. ಮಾತಾಡುವುದು ಮಾತ್ರ ರೈತರದೇ ಇರಲಿ. ಹೋಗಿಬಂದ ಮೇಲೆ ಮೂರು ಮನೆಯ ಮೇವಿನ ಲೆಕ್ಕವನ್ನು, ಮನೆಯವರ ಒಪ್ಪಿಗೆ ಪಡೆದು, ನಮಗೆ ಬರೆದು ಕಳಿಸಿ. ಮುಂದಿನ ಬೇಸಿಗೆ ಸಂಚಿಕೆಯಲ್ಲಿ ಅದಕ್ಕೆ ಎರಡು ಪುಟ ತೆಗೆದಿಡುತ್ತೇನೆ.

ಸಂಪಾದಕ