ಚೋಕ್ ತೆಗೆದರೆ ನಿಲ್ಲುವ ಹೊಸ ಎಂಜಿನ್

ಪ್ರಶ್ನೆ: ಮಾನ್ಯರೇ, ಹೆಬ್ರಿ ಸಮೀಪ ನಮಗೆ ಮೂರು ಎಕರೆ ಅಡಿಕೆ ತೋಟವಿದೆ. ಮನೆ ಗುಡ್ಡದ ಮೇಲೆ, ತೋಟ ತಗ್ಗಿನಲ್ಲಿ. ಗೊಬ್ಬರ, ಸೊಪ್ಪು, ಮೈಲುತುತ್ತಿನ ಬ್ಯಾರೆಲ್ ಮುಂತಾದವುಗಳನ್ನು ಸಾಗಿಸಲೆಂದು ಎರಡು ತಿಂಗಳ ಹಿಂದೆ ನಾಲ್ಕು ಚಕ್ರಗಳ, ಕಚ್ಚಾ ದಾರಿಯಲ್ಲೂ ಓಡುವ 125 ಸಿಸಿಯ ಎಟಿವಿಯೊಂದನ್ನು ಹೊಸದಾಗಿಯೇ ಕೊಂಡೆವು. ಬೆಳಿಗ್ಗೆ ಚೋಕ್ ಹಾಕಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಚೋಕ್ ತೆಗೆದೊಡನೆ ನಿಂತುಬಿಡುತ್ತದೆ. ಅರ್ಧ ಚೋಕ್‌ನಲ್ಲಿಯೇ ಇಟ್ಟರೆ ಓಡುತ್ತದೆಯಾದರೂ ಹದಿನೈದು ಇಪ್ಪತ್ತು ನಿಮಿಷಗಳ ಕೆಲಸವಾದ ಮೇಲೆ ಏರಿನಲ್ಲಿ ಉಸಿರು ಕಟ್ಟಿದಂತಾಗಿ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಪುನಃ ಸ್ಟಾರ್ಟ್ ಆಗುತ್ತದೆ. ಮಾರಿದವರು "ಹೊಸ ಎಂಜಿನ್, ನೂರಿನ್ನೂರು ಕಿಲೋಮೀಟರ್ ಓಡಲಿ, ತಾನಾಗಿ ಸರಿಯಾಗುತ್ತದೆ" ಎನ್ನುತ್ತಾರೆ. ಪೇಟೆಯ ಮೆಕ್ಯಾನಿಕ್ ಕಾರ್ಬ್ಯುರೇಟರನ್ನೇ ಬದಲಿಸಬೇಕೆನ್ನುತ್ತಾರೆ. ಪೆಟ್ರೋಲನ್ನು ನಾವು ಹುಲ್ಲು ಕೊಚ್ಚುವ ಯಂತ್ರಕ್ಕಾಗಿ ಮನೆಯಲ್ಲಿ ತಂದಿಡುವ ಕ್ಯಾನಿನಿಂದಲೇ ಹಾಕುತ್ತೇವೆ. ಯಾರ ಮಾತನ್ನು ನಂಬಬೇಕು?
— ಓರ್ವ ಕೃಷಿಕ, ಹೆಬ್ರಿ

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಅನಿಸಿದ್ದೇನೆಂದರೆ, ನೀವು ಒಂದು ದೂರು ಎಂದುಕೊಂಡಿರುವುದು ಪ್ರಾಯಶಃ ಎರಡು ಬೇರೆ ಬೇರೆ ದೋಷಗಳು. ಚೋಕ್ ತೆಗೆದೊಡನೆ ನಿಲ್ಲುವುದು ಒಂದು. ಇಪ್ಪತ್ತು ನಿಮಿಷಗಳ ನಂತರ ಏರಿನಲ್ಲಿ ನಿಲ್ಲುವುದು ಇನ್ನೊಂದು. ಎಂಜಿನ್ ಯಾವಾಗ ನಿಲ್ಲುತ್ತದೆ ಎಂಬುದು, ಏಕೆ ನಿಲ್ಲುತ್ತದೆ ಎಂಬುದಕ್ಕೆ ಅರ್ಧ ಉತ್ತರ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದಲೇ ಮೆಕ್ಯಾನಿಕರು ಇಡೀ ಕಾರ್ಬ್ಯುರೇಟರನ್ನು ಎಸೆಯುವ ಮಾತಾಡಿದ್ದಾರೆ.

ಮೊದಲನೆಯದನ್ನು ನೋಡೋಣ. ಚೋಕ್ ಹಾಕಿದಾಗ, ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರಿನೊಳಗೆ ಬರುವ ಗಾಳಿ ಕಡಿಮೆಯಾಗಿ, ಸೆಳೆತ ಹೆಚ್ಚಿ, ಪೆಟ್ರೋಲ್ ಹೆಚ್ಚಾಗಿ ಬರುತ್ತದೆ. ತಣ್ಣಗಿರುವ ಎಂಜಿನ್‌ಗೆ ಇದು ಬೇಕು, ಬಿಸಿಯಾದ ಎಂಜಿನ್‌ಗೆ ಬೇಡ. ಬಿಸಿಯಾದ ಮೇಲೂ ಚೋಕ್ ಇಲ್ಲದೆ ಎಂಜಿನ್ ಓಡುವುದಿಲ್ಲವೆಂದರೆ ಸಾಮಾನ್ಯ ಸ್ಥಿತಿಯಲ್ಲಿ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಲೆಕ್ಕಕ್ಕಿಲ್ಲದ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ ಎಂದೇ ಅರ್ಥ. ಮಾರಿದವರು ಹೇಳುವ ಓಟದಿಂದ ಪಿಸ್ಟನ್ ರಿಂಗ್‌ಗಳು ಸಿಲಿಂಡರಿಗೆ ಒಗ್ಗಿಕೊಳ್ಳುತ್ತವೆ, ನಿಜ. ಆದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಜೆಟ್ ಮುಚ್ಚಿಹೋಗಿದ್ದರೆ ಅದು ಓಡಿಸಿದ ಮಾತ್ರಕ್ಕೆ ತೆರೆದುಕೊಳ್ಳುವುದಿಲ್ಲ. ಮೇಲಾಗಿ, ಪೆಟ್ರೋಲ್ ಸಾಲದೆ ಓಡುವ ಎಂಜಿನ್ ಅಗತ್ಯಕ್ಕಿಂತ ಹೆಚ್ಚು ಬಿಸಿಯಾಗುವುದರಿಂದ, ಹೊಸ ಎಂಜಿನನ್ನು ಈ ಸ್ಥಿತಿಯಲ್ಲಿ ನೂರಿನ್ನೂರು ಕಿಲೋಮೀಟರ್ ಓಡಿಸುವುದು ಅದಕ್ಕೆ ಮಾಡುವ ಅನ್ಯಾಯವೇ ಸರಿ.

ಹೊಸ ವಾಹನದ ಜೆಟ್ ಮುಚ್ಚಿಹೋಗುವುದು ಹೇಗೆ ಎಂದು ನೀವು ಕೇಳಬಹುದು. ನಿಮಗೆ ಅದು ಹೊಸದು. ಮಳಿಗೆಯಲ್ಲಿ ಅದು ಎಷ್ಟು ತಿಂಗಳು ನಿಂತಿತ್ತೆಂದು ಬಿಲ್ಲಿನಲ್ಲಿ ಬರೆದಿರುವುದಿಲ್ಲ. ಪರೀಕ್ಷೆಗೆಂದು ಸ್ವಲ್ಪ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿ ಹಾಗೆಯೇ ನಿಲ್ಲಿಸಿದರೆ, ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆರಿ, ಅಂಟಿನಂತಹ ಪೊರೆಯಾಗಿ ಕೂರುತ್ತದೆ. ಐಡ್ಲಿಂಗ್‌ಗೆ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಧಾನವಾಗಿ ಓಡುವುದಕ್ಕೆ, ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿನ ರಂಧ್ರ ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಅದನ್ನು ಕಟ್ಟಲು ಒಂದು ಕಣ ಸಾಕು.

ಈಗ ನಿಮ್ಮ ಕ್ಯಾನಿನ ವಿಷಯ. ಇದನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ, ನಾನಾದರೆ ಮೊದಲು ಬರೆಯುತ್ತಿದ್ದೆ. ಹುಲ್ಲು ಕೊಚ್ಚುವ ಯಂತ್ರ ಟೂ-ಸ್ಟ್ರೋಕಿನದಾಗಿದ್ದು ಕ್ಯಾನಿನ ಪೆಟ್ರೋಲಿಗೆ ಟೂ-ಟಿ ಎಣ್ಣೆ ಬೆರೆಸಿಟ್ಟಿದ್ದರೆ, ಅದನ್ನು ನಿಮ್ಮ ಫೋರ್-ಸ್ಟ್ರೋಕ್ ಎಟಿವಿಗೆ ಹಾಕಲೇಬಾರದು. ಎಣ್ಣೆ ಸೇರಿದಷ್ಟು ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಪ್ಲಗ್ಗಿನ ಮೇಲೆ ಮಸಿ ಕೂರುತ್ತದೆ. ಎಣ್ಣೆ ಬೆರೆಸದಿದ್ದರೂ ಮಳೆಗಾಲದಲ್ಲಿ ವಾರಗಟ್ಟಲೆ ಇಟ್ಟ ಪೆಟ್ರೋಲ್ ನಂಬಿಕೆಗೆ ಯೋಗ್ಯವಲ್ಲ. ಇಂದು ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುವ ಸ್ವಭಾವದ್ದು. ನೀರು ಮಿತಿ ಮೀರಿದರೆ ಅದರೊಂದಿಗೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ, ಟ್ಯಾಂಕಿನ ಕೊಳವೆ ಸೆಳೆಯುವುದೂ ತಳದಿಂದಲೇ. ಇನ್ನೊಂದು ಅಂಶವೂ ಇದೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕಾದರೆ, ಶೇ 20 ಎಥನಾಲ್ ಬೆರೆತದ್ದಕ್ಕೆ ಸುಮಾರು 13.5 ಪಟ್ಟು ಸಾಕು. ಇಂಜೆಕ್ಷನ್ ಇರುವ ವಾಹನಗಳು ಆಕ್ಸಿಜನ್ ಸೆನ್ಸರಿನ ಸಹಾಯದಿಂದ ಈ ವ್ಯತ್ಯಾಸವನ್ನು ತಾವೇ ಸರಿದೂಗಿಸಿಕೊಳ್ಳುತ್ತವೆ. ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ, ಅದು ಹಳೆಯ ಲೆಕ್ಕದಲ್ಲೇ ಗಾಳಿ ಬೆರೆಸುತ್ತದೆ. ಮೊದಲೇ ಪೆಟ್ರೋಲ್ ಕಡಿಮೆ ಬರುವಂತೆ ಹೊಂದಿಸಿದ ಕಾರ್ಬ್ಯುರೇಟರಿಗೆ ಇದು ಇನ್ನಷ್ಟು ಕೊರತೆ ತರುತ್ತದೆ. ಆದರೆ ಅರ್ಧ ಚೋಕ್ ಬೇಕಾಗುವಷ್ಟು ಕೊರತೆ ಇದೊಂದರಿಂದಲೇ ಬಾರದು.

ಮಾಡಬೇಕಾದ್ದು ಇಷ್ಟು. ಎಂಜಿನ್ ತಣ್ಣಗಿರುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರಿನ ಬಟ್ಟಲಿನ ಅಡಿಯಲ್ಲಿರುವ ಡ್ರೈನ್ ಸ್ಕ್ರೂ ಸಡಿಲಿಸಿ, ಒಳಗಿರುವುದನ್ನು ಗಾಜಿನ ಬಾಟಲಿಗೆ ಇಳಿಸಿ ಹತ್ತು ನಿಮಿಷ ಅಲುಗಿಸದೆ ಇಡಿ. ಎರಡು ಪದರಗಳು ಕಂಡರೆ ನೀರು ಸೇರಿದೆ. ಬಣ್ಣ ಗಾಢವಾಗಿ ವಾರ್ನಿಶಿನ ವಾಸನೆ ಬಂದರೆ ಹಳೆಯ ಪೆಟ್ರೋಲ್. ಎರಡರಲ್ಲಿ ಯಾವುದೇ ಆಗಿದ್ದರೂ ಟ್ಯಾಂಕನ್ನೂ ಖಾಲಿ ಮಾಡಿ, ಬಂಕಿನಿಂದ ಅದೇ ದಿನ ತಂದ ಪೆಟ್ರೋಲ್ ಹಾಕಿ ನೋಡಿ. ಇಷ್ಟಕ್ಕೇ ಗುಣವಾದದ್ದನ್ನು ನಾನು ಕಂಡಿದ್ದೇನೆ. ಗುಣವಾಗದಿದ್ದರೆ, ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗ ಕಾರ್ಬ್ಯುರೇಟರ್ ಮತ್ತು ಎಂಜಿನ್ ಸೇರುವ ಜಾಗಕ್ಕೆ ಸೋಪಿನ ನೀರನ್ನು ಸ್ವಲ್ಪ ಸ್ವಲ್ಪವೇ ಸಿಂಪಡಿಸಿ. ನೀರು ಬಿದ್ದ ಕ್ಷಣ ಎಂಜಿನ್ನಿನ ಸದ್ದು ಬದಲಾದರೆ ಅಲ್ಲಿಂದ ಗಾಳಿ ನುಗ್ಗುತ್ತಿದೆ. ಜೋಡಣೆಯ ಸಮಯದಲ್ಲಿ ರಬ್ಬರ್ ರಿಂಗ್ ಮಡಚಿ ಕೂತಿರುವುದೋ ಬೋಲ್ಟ್ ಬಿಗಿಯಾಗದಿರುವುದೋ ಕಾರಣವಿರಬಹುದು. ಕೆಲವರು ಇದೇ ಪರೀಕ್ಷೆಯನ್ನು ಪೆಟ್ರೋಲ್ ಚಿಮುಕಿಸಿ ಮಾಡುತ್ತಾರೆ. ಬಿಸಿ ಸೈಲೆನ್ಸರಿನ ಪಕ್ಕದಲ್ಲಿ ಆ ಸಾಹಸ ಬೇಡ.

ಸದ್ದು ಬದಲಾಗದಿದ್ದರೆ ಉಳಿಯುವುದು ಪೈಲಟ್ ಜೆಟ್. ಅದನ್ನು ಮಾರಿದವರೇ ಬಿಚ್ಚಿ ಕಾರ್ಬ್ಯುರೇಟರ್ ಕ್ಲೀನರಿನಿಂದಲೂ ಒತ್ತಡದ ಗಾಳಿಯಿಂದಲೂ ಸ್ವಚ್ಛಗೊಳಿಸಲಿ. ಗುಂಡುಸೂಜಿ ತೂರಿಸಿ ರಂಧ್ರವನ್ನು ಅಗಲ ಮಾಡುವವರ ಕೈಗೆ ಮಾತ್ರ ಕೊಡಬೇಡಿ.

ಎರಡನೆಯ ದೋಷದ ಸಾಕ್ಷ್ಯ ಎಂಜಿನ್ ನಿಂತ ಮೊದಲ ಎರಡು ನಿಮಿಷಗಳಲ್ಲಿ ಮಾತ್ರ ಇರುತ್ತದೆ. ಹತ್ತು ನಿಮಿಷ ಕಾದು ಸ್ಟಾರ್ಟ್ ಮಾಡಿ ಮನೆಗೆ ತಂದು ತೋರಿಸಿದರೆ ಯಾವ ಮೆಕ್ಯಾನಿಕರಿಗೂ ಏನೂ ಕಾಣುವುದಿಲ್ಲ. ಆದ್ದರಿಂದ ಮುಂದಿನ ಸಲ ಏರಿನಲ್ಲಿ ನಿಂತೊಡನೆ ಬ್ರೇಕ್ ಲಾಕ್ ಮಾಡಿ, ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಕಿವಿಗೊಡಿ. ಗಾಳಿ ಒಳಗೆ ಸೆಳೆದುಕೊಳ್ಳುವ 'ಸುಯ್' ಎಂಬ ಸದ್ದು ಕೇಳಿ, ಅದರ ಬೆನ್ನಿಗೇ ಎಂಜಿನ್ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ ಅಥವಾ ಅದರ ಸಣ್ಣ ಕೊಳವೆ ಮಡಚಿದೆ. ಪೆಟ್ರೋಲ್ ಇಳಿದಷ್ಟು ಗಾಳಿ ಟ್ಯಾಂಕಿನೊಳಗೆ ಬರಲೇಬೇಕು. ಬಾರದಿದ್ದರೆ ಒಳಗೆ ನಿರ್ವಾತವಾಗಿ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಸರಿಯಾಗುವುದೂ ಇದಕ್ಕೇ, ಅಷ್ಟರಲ್ಲಿ ಗಾಳಿ ಮೆಲ್ಲಗೆ ಒಳಸೇರಿರುತ್ತದೆ.

ಮುಚ್ಚಳ ತೆರೆದರೂ ಸ್ಟಾರ್ಟ್ ಆಗದಿದ್ದರೆ ಅದನ್ನು ಮತ್ತೆ ಭದ್ರವಾಗಿ ಮುಚ್ಚಿ, ಜೊತೆಗೆ ಒಯ್ದ ಇನ್ನೊಂದು ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಪೆಟ್ರೋಲ್ ಚೆಲ್ಲಿರದ ಕಡೆ ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಡಿ ನೋಡಿ. ತಣ್ಣಗಿದ್ದಾಗ ಕಿಡಿ ಇದ್ದು ಬಿಸಿಯಾದಾಗ ಇಲ್ಲವಾದರೆ ಕಿಡಿಗೆ ಬೇಕಾದ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಅಥವಾ ಕಿಡಿ ಯಾವಾಗ ಹಾರಬೇಕೆಂದು ಸೂಚಿಸುವ ಪಲ್ಸರ್ ಕಾಯಿಲ್ ಕೈಕೊಡುತ್ತಿದೆ. ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ನಿಲ್ಲುತ್ತದೆ ಎಂದಾದರೆ ವಾಲ್ವನ್ನು ಒತ್ತುವ ಭಾಗವಾದ ಟ್ಯಾಪೆಟ್ ನೋಡಿಸಬೇಕು. ಹೊಸ ಎಂಜಿನ್ನಿನಲ್ಲಿ ಮೊದಲ ಕೆಲವು ಗಂಟೆಗಳ ಓಟದಲ್ಲಿ ವಾಲ್ವ್‌ಗಳು ತಮ್ಮ ಆಸನಕ್ಕೆ ಕೂತುಕೊಳ್ಳುತ್ತ ಟ್ಯಾಪೆಟ್ಟಿನ ಅಂತರ ಕಡಿಮೆಯಾಗುತ್ತದೆ. ಅದು ತೀರಾ ಬಿಗಿಯಾದರೆ ಬಿಸಿಯಲ್ಲಿ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಅನೇಕ ಸಣ್ಣ ಎಂಜಿನ್‌ಗಳಿಗೆ ಈ ಅಂತರ 0.05ರಿಂದ 0.10 ಮಿಲಿಮೀಟರ್; ನಿಮ್ಮದಕ್ಕೆ ಎಷ್ಟೆಂದು ಕೈಪಿಡಿಯಲ್ಲಿ ನೋಡಿ, ಎಂಜಿನ್ ರಾತ್ರಿಯಿಡೀ ತಣಿದ ಮೇಲೆಯೇ ಅಳೆಯಿಸಿ.

ಇದನ್ನೆಲ್ಲ ನಿಮ್ಮಿಂದಲೇ ಮಾಡಿಸುವುದಕ್ಕೆ ಕಾರಣವಿದೆ. ನೋಂದಣಿಯಿಲ್ಲದ ಎಟಿವಿಯನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲವಾದ್ದರಿಂದ, ಪ್ರತಿ ಸಲವೂ ಪಿಕಪ್ಪಿನಲ್ಲಿ ಹೇರಿಕೊಂಡು ಹೋಗಬೇಕು. ಏನನ್ನು ರಿಪೇರಿ ಮಾಡಿಸಬೇಕೆಂದು ತಿಳಿಯದೆ ಹೋದರೆ ಬಾಡಿಗೆ ಮಾತ್ರ ನಿಮ್ಮ ಪಾಲಿಗೆ. ಡ್ರೈನ್ ಸ್ಕ್ರೂ, ಮುಚ್ಚಳ, ಪ್ಲಗ್, ಇಷ್ಟನ್ನು ಬಿಟ್ಟು ವಾರಂಟಿ ಇರುವತನಕ ಬೇರೇನನ್ನೂ ಹೊರಗಿನವರಿಂದ ಬಿಚ್ಚಿಸಬೇಡಿ. ಕಂಡದ್ದನ್ನು ದಿನಾಂಕ, ವಿಡಿಯೋ ಸಹಿತ ಮಾರಿದವರಿಗೆ ಬರಹದಲ್ಲೇ ತಿಳಿಸಿ. ಅವರು ಸ್ಪಂದಿಸದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಎರಡು ವರ್ಷಗಳೊಳಗೆ, ದೂರು ಸಲ್ಲಿಸಲು ಅವಕಾಶವಿದೆ.

ಪ್ರಶ್ನೆ: ಕಡಲತೀರದಲ್ಲಿ ಪ್ರವಾಸಿಗರನ್ನು ಸುತ್ತಾಡಿಸಲು ನಾನು ಮತ್ತು ನನ್ನ ಭಾವ ಸೇರಿ ಹೊಸ ಎಟಿವಿ ತೆಗೆದುಕೊಂಡಿದ್ದೇವೆ. ಮೂರನೆಯ ವಾರದಿಂದಲೇ ಸೆಲ್ಫ್ ಒತ್ತಿದರೆ 'ಟಿಕ್ ಟಿಕ್' ಎಂಬ ಸದ್ದು ಮಾತ್ರ. ಕೆಲವು ಸಲ ಅದೂ ಇಲ್ಲ. ಎಂಜಿನ್ ಕೆಟ್ಟಿದೆಯೇ?
— ಓರ್ವ ಓದುಗ, ಮಲ್ಪೆ

ಉತ್ತರ: ಎಂಜಿನ್ ಕೆಟ್ಟಿರುವ ಸಾಧ್ಯತೆ ಬಹಳ ಕಡಿಮೆ. 'ಟಿಕ್' ಎಂದರೆ ಸ್ಟಾರ್ಟರ್ ಮೋಟಾರಿಗೆ ವಿದ್ಯುತ್ ಹಾಯಿಸುವ ಸ್ವಿಚ್ಚಾದ ರಿಲೇ ಕೆಲಸ ಮಾಡುತ್ತಿದೆ, ಮೋಟಾರು ತಿರುಗುವಷ್ಟು ವಿದ್ಯುತ್ ಸಿಗುತ್ತಿಲ್ಲ. ಪೂರ್ತಿ ಮೌನವಾದರೆ ವಿದ್ಯುತ್ ರಿಲೇಯವರೆಗೂ ತಲುಪುತ್ತಿಲ್ಲ. ಇವೆರಡನ್ನು ಪ್ರತ್ಯೇಕವಾಗಿಯೇ ನೋಡಬೇಕು.

ಸದ್ದು ಬರುವಾಗ ಮಲ್ಟಿಮೀಟರಿನಿಂದ ಬ್ಯಾಟರಿ ಅಳೆಯಿರಿ. ನಿಂತಿರುವಾಗ 12.6 ವೋಲ್ಟ್ ಇರಬೇಕು, 12.2ಕ್ಕೆ ಇಳಿದಿದ್ದರೆ ಅದು ಅರ್ಧದಷ್ಟೇ ತುಂಬಿದ ಬ್ಯಾಟರಿ. ಎಂಜಿನ್ ತುಸು ವೇಗದಲ್ಲಿ ಓಡುವಾಗ 13.5ರಿಂದ 14.5ರ ನಡುವೆ ಬಾರದಿದ್ದರೆ ಚಾರ್ಜಿಂಗ್ ವ್ಯವಸ್ಥೆಯನ್ನೇ ವಾರಂಟಿಯಲ್ಲಿ ನೋಡಿಸಬೇಕು. ಬಂದರೂ ಸಮಸ್ಯೆ ಉಳಿದರೆ ನನ್ನ ಸಂಶಯ ಎರಡರ ಮೇಲೆ. ಆಸಿಡ್ ತುಂಬಿಸುವ ಬ್ಯಾಟರಿಗೆ ಮೊದಲ ಸಲ ಗಂಟೆಗಟ್ಟಲೆ ನಿಧಾನವಾಗಿ ಚಾರ್ಜ್ ಕೊಡಬೇಕು. ಗಡಿಬಿಡಿಯಲ್ಲಿ ಆಸಿಡ್ ಸುರಿದು ಒಡನೆಯೇ ವಾಹನ ಕೊಟ್ಟುಬಿಟ್ಟರೆ ಆ ಬ್ಯಾಟರಿ ತನ್ನ ಪೂರ್ಣ ಶಕ್ತಿಗೆ ಏರುವುದೇ ಇಲ್ಲ. ಜೊತೆಗೆ ನಿಮ್ಮ ಉದ್ಯೋಗದ ರೀತಿಯೂ ಹಾಗೆಯೇ: ಐದು ನಿಮಿಷ ಓಟ, ನಿಲುಗಡೆ, ಮತ್ತೆ ಸೆಲ್ಫ್. ಖರ್ಚಾದದ್ದು ತುಂಬಿಕೊಳ್ಳಲು ಸಮಯವೇ ಸಿಗುವುದಿಲ್ಲ. ವಾರಕ್ಕೊಮ್ಮೆ ರಾತ್ರಿ ಚಾರ್ಜರಿಗೆ ಹಾಕಿರಿ.

ಸದ್ದೇ ಇಲ್ಲದಾಗ ಮೊದಲು ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಬ್ರೇಕ್ ಹಿಡಿದಿದ್ದೀರಾ ಎಂದು ನೋಡಿ. ಅನೇಕ ಎಟಿವಿಗಳು ಇವಿಲ್ಲದೆ ಸ್ಟಾರ್ಟ್ ಆಗದಂತೆಯೇ ಮಾಡಲ್ಪಟ್ಟಿವೆ. ಬ್ರೇಕ್ ಲಿವರಿನ ಬುಡದ ಸ್ವಿಚ್, ಹಿಂಬದಿಯಲ್ಲಿ ಹಗ್ಗ ಎಳೆದರೆ ಎಂಜಿನ್ ಆರುವ ಸ್ವಿಚ್, ಚಾಸಿಗೆ ಕಚ್ಚಿದ ಅರ್ಥ್ ತಂತಿ, ಇವು ಮೂರೂ ಉಪ್ಪುಗಾಳಿಗೆ ಬೇಗನೆ ಹಸಿರುಗಟ್ಟುತ್ತವೆ. ಬಿಚ್ಚಿ, ಹೊಳೆಯುವಂತೆ ಉಜ್ಜಿ, ಬಿಗಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿ. ಪ್ರತಿ ಸಂಜೆ ಸಿಹಿನೀರಿನಲ್ಲಿ ತೊಳೆಯುವುದು ಒಳ್ಳೆಯದು. ಆದರೆ ಪ್ರೆಶರ್ ಪೈಪನ್ನು ಸ್ವಿಚ್ಚುಗಳಿಗೂ ಏರ್ ಫಿಲ್ಟರಿನ ಬಾಯಿಗೂ ಹಿಡಿಯಬೇಡಿ. ಅಂದಹಾಗೆ, ಆ ಫಿಲ್ಟರಿನ ಸ್ಪಂಜನ್ನು ಈವರೆಗೆ ತೆಗೆದು ನೋಡಿರದಿದ್ದರೆ ಇಂದೇ ನೋಡಿ. ನಯವಾದ ಮರಳು ಒಳಸೇರಿದರೆ ಪಿಸ್ಟನ್ ರಿಂಗ್ ಸವೆಯುತ್ತದೆ, ಆಗ ನೀವು ಕೇಳಿದ ಪ್ರಶ್ನೆಗೆ ಹೌದೆಂದೇ ಉತ್ತರಿಸಬೇಕಾದೀತು.

ಪ್ರಶ್ನೆ: ಹತ್ತು ವರ್ಷದ ಮಗನಿಗೆ ಕೊಂಡ ಸಣ್ಣ ಎಟಿವಿ ಎಷ್ಟೇ ಆಕ್ಸಿಲರೇಟರ್ ಒತ್ತಿದರೂ ವೇಗ ಹಿಡಿಯುವುದಿಲ್ಲ. ಐಡ್ಲಿಂಗ್ ಚೆನ್ನಾಗಿದೆ, ಹೊಗೆಯಿಲ್ಲ. ಎಂಜಿನ್ ದೋಷವೇ?
— ಓರ್ವ ತಾಯಿ, ಮಂಗಳೂರು

ಉತ್ತರ: ದೋಷವಲ್ಲ. ಮಕ್ಕಳ ಎಟಿವಿಗಳ ಆಕ್ಸಿಲರೇಟರ್ ಡಬ್ಬಿಯ ಮೇಲೆ ಸಾಮಾನ್ಯವಾಗಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಒಳಕ್ಕೆ ತಿರುಗಿಸಿದಷ್ಟು ಹೆಬ್ಬೆರಳಿನ ಲಿವರ್ ಕಡಿಮೆ ಒತ್ತಲ್ಪಡುತ್ತದೆ. ವೇಗವನ್ನು ಮಿತಿಯಲ್ಲಿಡಲೆಂದೇ ಅದನ್ನು ಬಿಗಿದು ಕೊಡುತ್ತಾರೆ. ಮಗನಿಗೆ ತಿರುವಿನಲ್ಲಿ ಮೈ ವಾಲಿಸುವುದೂ ಬ್ರೇಕ್ ಹಿಡಿಯುವುದೂ ರೂಢಿಯಾಗುವತನಕ ಅದನ್ನು ಮುಟ್ಟಬೇಡಿ. ಆಮೇಲೂ ಒಂದು ಸಲಕ್ಕೆ ಒಂದೇ ಸುತ್ತು ಸಡಿಲಿಸಿ, ಸ್ಕ್ರೂ ತಾನಾಗಿ ತಿರುಗದಂತೆ ಅದರ ಲಾಕ್ ನಟ್ಟನ್ನು ಮರಳಿ ಬಿಗಿಯಿರಿ.